ಹಾಸನದಲ್ಲಿ ನಮ್ಮಂಥ ಸಲಿಂಗಪ್ರೇಮಿಗಳಿಗೆ ಜಾಗವೇ ಇಲ್ಲ, ಬೆಂಗಳೂರಿಗೆ ಹೋಗಿಬಿಡಲೇ? ಅಲ್ಲಿ ನಮ್ಮದೇ ಒಂದು ಬೀದಿ ಸಿಗುತ್ತದಲ್ಲವೇ?

ಇಪ್ಪತ್ತಮೂರರ ವಯಸ್ಸಿನಲ್ಲಿ ನಾನೂ ಹೀಗೇ ಅಂದುಕೊಂಡು ಬೆಂಗಳೂರಿಗೆ ಹೋದವನು. ಅದಕ್ಕೂ ಮೊದಲು ನನಗೆ ಹಾಸನದಲ್ಲೇ ಒಂದು ಜಾಗವಿತ್ತು. ಅದನ್ನು ಕೆಡಿಸಿದವನು ನಾನೇ.

2013ರಲ್ಲಿ ನಾವು ಐವರು ಪ್ರತಿ ಭಾನುವಾರ ಸಂಜೆ ಮಹಾರಾಜ ಪಾರ್ಕಿನ ಒಂದು ಬೆಂಚಿನಲ್ಲಿ ಸೇರುತ್ತಿದ್ದೆವು. ಒಬ್ಬ ಸಕಲೇಶಪುರದಿಂದ, ಇಬ್ಬರು ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಂಗಳಮುಖಿ ಅಕ್ಕ ಒಬ್ಬರು ಸೀಬೆಹಣ್ಣಿಗೆ ಉಪ್ಪುಖಾರ ಹಚ್ಚಿ ತರುತ್ತಿದ್ದರು. ಮೊದಮೊದಲು ದುರುಗುಟ್ಟಿ ನೋಡುತ್ತಿದ್ದ ಕಡಲೆಕಾಯಿ ಮಾರುವ ಯಜಮಾನರು ಆರು ತಿಂಗಳಲ್ಲಿ ನಮಗಾಗಿ ಬೆಂಚು ಹಿಡಿದಿಡುವಷ್ಟು ಹತ್ತಿರವಾಗಿದ್ದರು.

ಆ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿದ್ದ ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ರದ್ದುಮಾಡಿ ಭಾರತೀಯ ದಂಡಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿಯಿತು. ಅಂದು ರಾತ್ರಿಯೇ ನಂಬರು ಇದ್ದವರಿಗೆಲ್ಲ ಫೋನ್ ಮಾಡಿ ‘ಇನ್ನು ಬರಬೇಡಿ’ ಎಂದೆ. ಅವರ ನಂಬರುಗಳನ್ನೂ ಅಳಿಸಿದೆ. ತೀರ್ಪನ್ನು ನಾನು ಓದಿರಲಿಲ್ಲ, ಟಿವಿ ಪರದೆಯ ಕೆಳಗೆ ಓಡುವ ಸಾಲನ್ನಷ್ಟೇ ಓದಿದ್ದೆ. ಆ ಕಲಮು ಶಿಕ್ಷಿಸುತ್ತಿದ್ದುದು ಲೈಂಗಿಕ ಕ್ರಿಯೆಯನ್ನು. ನಾವು ಯಾರೆಂಬುದು ಅಪರಾಧವಾಗಿರಲಿಲ್ಲ, ಬೆಂಚಿನ ಮೇಲೆ ಕೂತು ಸೀಬೆಹಣ್ಣು ತಿನ್ನುವುದಂತೂ ಅಲ್ಲವೇ ಅಲ್ಲ. ಅದೇ ಕಲಮನ್ನು ತೋರಿಸಿ ನಮ್ಮವರನ್ನು ಬೆದರಿಸುತ್ತಿದ್ದರು, ನಿಜ. ಆದರೆ ನಮ್ಮ ಬೆಂಚಿನ ಹತ್ತಿರ ಯಾವ ಪೊಲೀಸರೂ ಸುಳಿದಿರಲಿಲ್ಲ. ಒಬ್ಬ ವಕೀಲರನ್ನು ಕೇಳಬಹುದಿತ್ತು. ಎರಡು ವಾರ ಬಿಟ್ಟು ಸೇರೋಣ ಎನ್ನಬಹುದಿತ್ತು. ಯಾವುದೋ ಹೋಟೆಲಿನಲ್ಲಿ ಕಾಫಿ ಕುಡಿಯಬಹುದಿತ್ತು. ಒಂದನ್ನೂ ಮಾಡಲಿಲ್ಲ.

ಬೆಂಗಳೂರಿನಲ್ಲಿ ನಮ್ಮದೇ ಬೀದಿ ಸಿಗುತ್ತದೆ ಎಂಬ ನಿಮ್ಮ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ನನಗೆ ಅಲ್ಲಿ ಸಿಕ್ಕಿದ್ದು ಕಬ್ಬನ್ ಪಾರ್ಕ್. ನಮಗಿಂತ ಹಿಂದಿನವರು ಕೂತು ಕೂತು ತಮ್ಮದಾಗಿಸಿಕೊಂಡ ಜಾಗ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಮ್ಮವರ ಕೇರಿಯೆಂದೇ ಹೆಸರಾದ ಕ್ಯಾಸ್ಟ್ರೊ ಕೂಡ ಸಿದ್ಧವಾಗಿ ಸಿಕ್ಕ ಕೇರಿಯಲ್ಲ. ಕಾರ್ಮಿಕ ಕುಟುಂಬಗಳು ಹೊರವಲಯಕ್ಕೆ ಹೋದಾಗ ಅಗ್ಗಕ್ಕೆ ಸಿಕ್ಕ ಮನೆಗಳಿಗೆ ನಮ್ಮಂಥವರು ಬಂದರು. ನಮ್ಮವರೇ ಆದ ಹಾರ್ವೆ ಮಿಲ್ಕ್ 1973ರಲ್ಲಿ ತೆರೆದ ಕ್ಯಾಮೆರಾ ಅಂಗಡಿಯೇ ಅವರ ಹರಟೆಕಟ್ಟೆಯಾಯಿತು. ಅಲ್ಲಿಂದಲೇ ಮಿಲ್ಕ್ 1977ರ ನಗರಸಭೆ ಚುನಾವಣೆ ಗೆದ್ದರು.

ಕೆಲಸಕ್ಕಾಗಿ ಬೆಂಗಳೂರಿಗೆ ಹೋಗಿ. ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ ಇವತ್ತೇ ಹೋಗಿ. ಜಾಗ ಹುಡುಕಿಕೊಂಡು ಮಾತ್ರ ಹೋಗಬೇಡಿ.

ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂಬ ತೀರ್ಪು 2018ರ ಸೆಪ್ಟೆಂಬರ್ 6ರಂದು ಬಂತು. ಆ ಭಾನುವಾರ ಹಾಸನಕ್ಕೆ ಬಂದು ಪಾರ್ಕಿಗೆ ಹೋದೆ. ಯಜಮಾನರು ಗುರುತು ಹಿಡಿದರು. ‘ಆ ಅಕ್ಕ ನಾಲ್ಕು ವಾರ ಒಬ್ಬರೇ ಬಂದು ಕೂತು ಹೋದರು’ ಎಂದರು. ಅಕ್ಕನ ಬಳಿ ಮೊಬೈಲ್ ಇರಲಿಲ್ಲ. ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಈಗ ಮತ್ತೆ ಮೂವರಾಗಿದ್ದೇವೆ. ಭಾನುವಾರ ಐದೂವರೆಗೆ ಬನ್ನಿ.