ಗುಂಡಿನ ಸದ್ದಿನ ನಡುವೆ ಹಾಡೇಕೆ?

ಓದುಗರ ಪ್ರಶ್ನೆಗಳಿಗೆ ಪಿಟೀಲು ಮೇಷ್ಟ್ರ ಉತ್ತರ

ಪ್ರಶ್ನೆ: ಯುದ್ಧದ ಸಿನಿಮಾದಲ್ಲಿ ಹಾಡು ಶುರುವಾದ ಕೂಡಲೇ ನಮ್ಮ ಮನೆಯಲ್ಲಿ ರಿಮೋಟ್ ಹಿಡಿದವರು ಮುಂದಕ್ಕೆ ಓಡಿಸುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಜೀವ ಹೋಗುವ ಜಾಗದಲ್ಲಿ ಯಾರಾದರೂ ಹಾಡುತ್ತಾರೆಯೇ ಮೇಷ್ಟ್ರೇ?
– ಓದುಗರೊಬ್ಬರು, ಹಾಸನ

ಹಾಡುತ್ತಾರೆ ತಾಯಿ, ಖಂಡಿತ ಹಾಡುತ್ತಾರೆ. ನುಡಿಸುತ್ತಾರೆ ಕೂಡ. 1939ರ ಸೆಪ್ಟೆಂಬರ್ 23ರಂದು ವಾರ್ಸಾ ನಗರದ ಮೇಲೆ ಜರ್ಮನರ ಬಾಂಬು ಬೀಳುತ್ತಿದ್ದಾಗ, ಅಲ್ಲಿನ ರೇಡಿಯೊ ನಿಲಯದಲ್ಲಿ ವ್ಲಾಡಿಸ್ಲಾವ್ ಸ್ಪಿಲ್ಮನ್ ಎಂಬ ಪಿಯಾನೊ ವಾದಕ ಶೋಪೆನ್‌ನ ಒಂದು ನಾಕ್ಟರ್ನ್ (ರಾತ್ರಿಯ ಭಾವದ ಪುಟ್ಟ ಪಿಯಾನೊ ಕೃತಿ) ನುಡಿಸುತ್ತಿದ್ದ. ಅದಾದ ಮೇಲೆ ಯುದ್ಧ ಮುಗಿಯುವವರೆಗೂ ಆ ನಿಲಯದಿಂದ ನೇರ ಸಂಗೀತ ಬರಲಿಲ್ಲ. 1945ರಲ್ಲಿ ರೇಡಿಯೊ ಮತ್ತೆ ಶುರುವಾದಾಗ ಆತ ಅದೇ ನಾಕ್ಟರ್ನ್ ನುಡಿಸಿದ. ಯೆಹೂದಿಯಾಗಿದ್ದ ಆತನ ಮನೆಯವರು ಯಾರೂ ಅದನ್ನು ಕೇಳಲು ಉಳಿದಿರಲಿಲ್ಲ.

ಆತನ ಕಥೆಯೇ 2002ರ ‘ದಿ ಪಿಯಾನಿಸ್ಟ್’ ಸಿನಿಮಾ. ಅದರಲ್ಲಿ ಒಂದು ದೃಶ್ಯವಿದೆ. ಬೀಗ ಹಾಕಿದ ಮನೆಯೊಳಗೆ ಆತ ಅಡಗಿದ್ದಾನೆ. ಎದುರಿಗೇ ಪಿಯಾನೊ ಇದೆ, ಆದರೆ ಸದ್ದಾದರೆ ಪ್ರಾಣ ಹೋಗುತ್ತದೆ. ಆತ ಮುಚ್ಚಳ ತೆಗೆದು ಕೂತು, ಬೆರಳು ಕೀಗಳಿಗೆ ತಾಗದಂತೆ ಗಾಳಿಯಲ್ಲೇ ನುಡಿಸುತ್ತಾನೆ. ಆತನ ತಲೆಯೊಳಗಿನ ಸಂಗೀತವಷ್ಟೇ ನಮಗೆ ಕೇಳಿಸುತ್ತದೆ. ಐವತ್ತು ವರ್ಷದಿಂದ ವಾದ್ಯ ಹಿಡಿದಿರುವ ನನಗೆ ಆ ಬೆರಳುಗಳನ್ನು ನೋಡಿ ಕೂತಲ್ಲಿ ಕೂರಲಾಗಲಿಲ್ಲ. ಮಡಿಲಲ್ಲಿದ್ದ ನನ್ನ ಎಡಗೈಯೂ ತಾನಾಗಿ ಸ್ವರ ಒತ್ತುತ್ತಿತ್ತು. ಅದನ್ನು ಮುಂದಕ್ಕೆ ಓಡಿಸಿದರೆ ಸಿನಿಮಾದಲ್ಲಿ ಇನ್ನೇನು ಉಳಿಯಿತು ಹೇಳಿ?

ಆದರೆ ನಿಮ್ಮ ಸಿಟ್ಟಿಗೆ ಕಾರಣ ಇಲ್ಲ ಎನ್ನಲಾರೆ. ಅದು ಹಾಡಿನ ಮೇಲಲ್ಲ, ಹಿನ್ನೆಲೆ ಸಂಗೀತದ ಮೇಲೆ ತಿರುಗಬೇಕಾದ ಸಿಟ್ಟು. ನಾನು ಹದಿನೆಂಟು ವರ್ಷ ಸಿನಿಮಾ ರೀರೆಕಾರ್ಡಿಂಗ್‌ಗೆ, ಅಂದರೆ ಹಿನ್ನೆಲೆ ಸಂಗೀತ ಸೇರಿಸುವ ಕೆಲಸಕ್ಕೆ, ಪಿಟೀಲು ನುಡಿಸಿದವನು. ಒಮ್ಮೆ ಯುದ್ಧದ ರೀಲು ಬಂತು. ಪರದೆಯ ಮೇಲೆ ಮೀಸೆ ಚಿಗುರದ ಹುಡುಗನೊಬ್ಬ ಗುಂಡು ತಗುಲಿ ಬೀಳುತ್ತಾನೆ. ಶಬ್ದ ಇನ್ನೂ ಸೇರಿಸಿರಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಅಷ್ಟಕ್ಕೇ ನಮ್ಮಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ರೆಕಾರ್ಡಿಂಗ್ ಮಾಡಿಸುತ್ತಿದ್ದವರು “ಸಾಲದು, ಜನ ಅಳಬೇಕು” ಎಂದು ಹೇಳಿ ಹನ್ನೆರಡು ಪಿಟೀಲುಗಳಿಂದ ಐದು ಟೇಕ್ ತೆಗೆಸಿದರು. ಕಮಾನು ನಡುಗಿಸಿ ನಡುಗಿಸಿ ಮಣಿಕಟ್ಟು ಸೋತಿತು. ಆಮೇಲೆ ಟಾಕೀಸಿನಲ್ಲಿ ಕೂತು ನೋಡಿದೆ. ಆ ಹುಡುಗನ ತುಟಿಯ ಕಡೆ ಯಾರ ಗಮನವೂ ಹೋಗದಷ್ಟು ಜೋರಾಗಿ ನಮ್ಮ ಪಿಟೀಲು ಅಳುತ್ತಿತ್ತು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಇವತ್ತಿಗೂ ನೋವಾಗುತ್ತದೆ.

ದೃಶ್ಯದಲ್ಲಿರುವವರೇ ಹಾಡುವಾಗ ಸಂಗತಿ ಬೇರೆ. ಕೊನ್ ಇಚಿಕಾವ ಅವರ ಜಪಾನೀ ಚಿತ್ರ ‘ಬರ್ಮೀಸ್ ಹಾರ್ಪ್’ (1956) ಸಿಕ್ಕರೆ ಬಿಡಬೇಡಿ. ಬರ್ಮಾದ ಕಾಡಿನಲ್ಲಿ ಸೋತು ಅಲೆಯುವ ಒಂದು ಜಪಾನೀ ತುಕಡಿ. ಅದರ ಕ್ಯಾಪ್ಟನ್ ಸಂಗೀತ ಕಲಿತವನು, ಸಿಪಾಯಿಗಳಿಗೆಲ್ಲ ಹಾಡು ಕಲಿಸಿದ್ದಾನೆ. ಮಿಜುಶಿಮಾ ಎಂಬ ಸಿಪಾಯಿ ಆ ನಾಡಿನ ಬಿಲ್ಲಿನಾಕಾರದ ವಾದ್ಯ ನುಡಿಸುತ್ತಾನೆ. (ಸಮುದ್ರಗುಪ್ತನ ನಾಣ್ಯದಲ್ಲಿ ರಾಜನ ಕೈಯಲ್ಲಿರುವ ವೀಣೆ ನೆನಪಿದೆಯೇ? ಇದು ಅದೇ ಜಾತಿಯ ವಾದ್ಯ.) ಇಂಗ್ಲಿಷರು ಸುತ್ತುವರಿದದ್ದು ತಿಳಿದಾಗ, ಬಯಲಲ್ಲಿ ಉಳಿದ ಮದ್ದುಗುಂಡಿನ ಗಾಡಿಯನ್ನು ಸರಿಸಿಕೊಳ್ಳುವವರೆಗೆ ಅನುಮಾನ ಬಾರದಿರಲೆಂದು ಇವರು ಹಾಡುತ್ತಾರೆ. ಆ ಹೊತ್ತಿಗೆ ಕತ್ತಲ ಕಾಡಿನಿಂದ ಅದೇ ಮಟ್ಟು ಇಂಗ್ಲಿಷಿನಲ್ಲಿ ತೇಲಿ ಬರುತ್ತದೆ: ‘ಹೋಮ್, ಸ್ವೀಟ್ ಹೋಮ್’. ಇಂಗ್ಲೆಂಡಿನವನೊಬ್ಬ ಕಟ್ಟಿದ ಮಟ್ಟಿಗೆ ಜಪಾನೀಯರು ತಮ್ಮ ಮಾತು ಹಾಕಿ ತಮ್ಮದೇ ಹಾಡು ಮಾಡಿಕೊಂಡಿದ್ದರು. ಎರಡೂ ಕಡೆಯವರು ಮನೆಯನ್ನೇ ನೆನೆಯುತ್ತಿದ್ದಾರೆ. ಆ ರಾತ್ರಿ ಗುಂಡು ಹಾರುವುದಿಲ್ಲ.

ನಮ್ಮಲ್ಲಿ ‘ಹಕೀಕತ್’ (1964) ಇದೆ, ಚೀನಾ ಯುದ್ಧದ ಕಥೆ. ಮದನ್ ಮೋಹನ್ ಸಂಗೀತದ ‘ಹೋಕೆ ಮಜಬೂರ್’ ಹಾಡಿಗೆ ರಫಿ, ತಲತ್, ಮನ್ನಾ ಡೇ, ಭೂಪಿಂದರ್ ನಾಲ್ವರ ದನಿ. ಭೂಪಿಂದರ್ ಆ ಚಿತ್ರದಲ್ಲಿ ಸಿಪಾಯಿಯಾಗಿಯೂ ಕಾಣಿಸಿಕೊಂಡಿದ್ದಾರೆ. ಸಾಯುವ ಮುನ್ನ ಮನುಷ್ಯ ಯಾರನ್ನು ನೆನೆಯುತ್ತಾನೆ ಎಂಬುದನ್ನು ಆ ಹಾಡು ಬಿಟ್ಟರೆ ಚಿತ್ರದಲ್ಲಿ ಬೇರೆ ಯಾವುದೂ ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ದಯವಿಟ್ಟು ಓಡಿಸಬೇಡಿ.

ಪ್ರಶ್ನೆ: ಇಂಥ ಚಿತ್ರಗಳಲ್ಲಿ ನಟರೇ ವಾದ್ಯ ನುಡಿಸುತ್ತಾರಾ ಸರ್?
– ಪಿಯುಸಿ ವಿದ್ಯಾರ್ಥಿನಿ, ಮೈಸೂರು

ಹೆಚ್ಚಾಗಿ ಇಲ್ಲಮ್ಮ. ‘ದಿ ಪಿಯಾನಿಸ್ಟ್’ಗಾಗಿ ಏಡ್ರಿಯನ್ ಬ್ರೋಡಿ ಪಿಯಾನೊ ಅಭ್ಯಾಸ ಮಾಡಿದ್ದು ನಿಜ. ಆದರೆ ನೀನು ಕೇಳುವ ಶೋಪೆನ್ ಪೋಲೆಂಡಿನ ಯಾನುಷ್ ಒಲೆಯ್ನಿಚಾಕ್ ಅವರದು. ಹತ್ತಿರದಿಂದ ತೋರಿಸುವ ಕೈಯೂ ಅವರದೇ. ‘ಕಾಸಾಬ್ಲಾಂಕಾ’ದಲ್ಲಿ (1942) ಪಿಯಾನೊ ಮುಂದೆ ಕೂತ ಡೂಲಿ ವಿಲ್ಸನ್ ಹಾಡಿದ್ದು ಸ್ವಂತ ದನಿಯಲ್ಲಿ, ಆದರೆ ವಾದ್ಯದಲ್ಲಿ ಅವರು ಡ್ರಮ್ಸ್‌ನವರು. ನೀನು ವೀಣೆ ಕಲಿಯುತ್ತಿದ್ದೇನೆ ಎಂದು ಬರೆದಿದ್ದೀಯ. ಮುಂದಿನ ಸಲ ನಟನ ಮುಖ ಬಿಟ್ಟು ಮಣಿಕಟ್ಟು ನೋಡು, ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ತಂದೆ ಸೇನೆಯ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. “ಸಿನಿಮಾದಲ್ಲಿ ನಮ್ಮನ್ನು ಪೆರೇಡಿಗೆ ಮಾತ್ರ ತೋರಿಸುತ್ತಾರೆ” ಎಂದು ಬೇಸರಪಡುತ್ತಾರೆ.
– ಓದುಗರೊಬ್ಬರು, ಮಡಿಕೇರಿ

ಅವರ ಬೇಸರ ನ್ಯಾಯವಾದದ್ದು. ಯುದ್ಧ ಬಂದರೆ ಬ್ಯಾಂಡ್‌ನವರು ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಹಿಡಿದು ಗಾಯಾಳುಗಳನ್ನು ಹೊತ್ತು ತರುವುದು ಸೇನೆಗಳಲ್ಲಿ ಹಳೆಯ ರೂಢಿ. ಅದನ್ನು ಮುಖ್ಯ ಕಥೆಯಾಗಿಸಿದ ಒಂದು ಚಿತ್ರವನ್ನೂ ನಾನು ನೋಡಿಲ್ಲ. ‘ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಚಿತ್ರದಲ್ಲಿ ಕೈದಿಗಳು ಶಿಳ್ಳೆ ಹಾಕುತ್ತ ಶಿಬಿರದೊಳಗೆ ನಡೆದು ಬರುತ್ತಾರಲ್ಲ, ಆ ‘ಕರ್ನಲ್ ಬೋಗಿ’ ಮಾರ್ಚ್ ಅನ್ನು 1914ರಲ್ಲಿ ಕಟ್ಟಿದವನು ಬ್ರಿಟಿಷ್ ಸೇನೆಯ ಬ್ಯಾಂಡ್ ಮಾಸ್ಟರ್ ರಿಕೆಟ್ಸ್. ಸೇನೆಯಲ್ಲಿದ್ದ ಕಾರಣ ಅವನು ಆಲ್ಫರ್ಡ್ ಎಂಬ ಬೇರೆ ಹೆಸರಿನಲ್ಲಿ ಪ್ರಕಟಿಸಬೇಕಾಯಿತು. ಲೋಕವೆಲ್ಲ ಶಿಳ್ಳೆ ಹಾಕಿದ ಮಟ್ಟಿನ ಒಡೆಯ ಹೀಗೆ ಮರೆಯಲ್ಲೇ ಉಳಿದ.

ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಯಾವ ಮಾರ್ಚ್‌ಗಳನ್ನು ನುಡಿಸಿದರು, ಯಾರ ಪಕ್ಕದಲ್ಲಿ ನಿಂತಿದ್ದರು, ಎಂದಾದರೂ ಸ್ಟ್ರೆಚರ್ ಹಿಡಿದಿದ್ದರೇ, ಎಲ್ಲ ಕೇಳಿ ಬರೆದು ಕಳಿಸಿ. ಈ ಅಂಕಣದಲ್ಲಿ ಅವರಿಗೆ ಒಂದಿಡೀ ವಾರದ ಜಾಗ ಇಟ್ಟಿದ್ದೇನೆ.