ಮೆಮ್‌ಕಾಪಿ: ಲೈಬ್ರರಿಯದೋ, ಕೈಯಿಂದ ಬರೆದದ್ದೋ?

ಸಿ ಭಾಷೆಯಲ್ಲಿ ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ಬೈಟುಗಳನ್ನು ಸಾಗಿಸುವ ಸಿದ್ಧ ಲೈಬ್ರರಿ ಫಂಕ್ಷನ್ ‘ಮೆಮ್‌ಕಾಪಿ’ ಬಗ್ಗೆ ಈ ಸಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಆರು ಪ್ರಶ್ನೆಗಳು ಬಂದಿವೆ. ಆರನ್ನೂ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಷೀನ್ ಸ್ಪಿಂಡಲ್ ನಡುಗೋದನ್ನ ಅಳೆಯೋ ಡೇಟಾ ಲಾಗರ್ ಮಾಡೇವಿ. ಚಿಪ್ ಎಸ್‌ಟಿಎಂ32ಎಫ್407, 168 ಮೆಗಾಹರ್ಟ್ಜ್. ಎಡಿಸಿ (ಸಿಗ್ನಲನ್ನ ಅಂಕಿಯಾಗಿ ಮಾಡೋ ಭಾಗ) ಸೆಕೆಂಡಿಗೆ 20,000 ಸ್ಯಾಂಪಲ್ ತಗೋತೈತಿ. ಡಿಎಂಎ (ಪ್ರೊಸೆಸರ್ ಕೈಹಾಕದೆ ಡೇಟಾ ಸಾಗಿಸೋ ಭಾಗ) 4,096 ಬೈಟಿನ ಬಫರ್ ತುಂಬಿದ ಕೂಡ್ಲೆ ಅದನ್ನ ಮೆಮ್‌ಕಾಪಿಯಿಂದ ಇನ್ನೊಂದು ಬಫರಿಗೆ ಹಾಕಿ ಎಸ್‌ಡಿ ಕಾರ್ಡಿಗೆ ಬರೀತೀವಿ. ಹತ್ತು ಬ್ಲಾಕಿಗೊಮ್ಮೆ 6 ಬೈಟಿನ ಹೆಡರ್ ಇರತೈತಿ. ನಡುನಡುವೆ ಸ್ಯಾಂಪಲ್ ತಪ್ತಾವು. ಗೆಳೆಯರೊಬ್ಬರು ಒಮ್ಮೆಗೆ 32 ಬೈಟ್ ಎತ್ತಿ ಹಾಕೋ ಅಸೆಂಬ್ಲಿ ಫಂಕ್ಷನ್ ಕೊಟ್ರು. ಅದನ್ನ ಹಾಕಿದ ಮ್ಯಾಲೆ ಬೋರ್ಡ್ ಆಗಾಗ ಹಾರ್ಡ್‌ಫಾಲ್ಟ್ ಆಗಿ ನಿಲ್ಲತೈತಿ, ಸ್ಯಾಂಪಲ್ ತಪ್ಪೋದೂ ನಿಂತಿಲ್ಲ. ಯಾವುದು ಇಟ್ಕೋಬೇಕ್ರೀ?
— ಉದ್ಯಮಬಾಗ, ಬೆಳಗಾವಿ

ಉತ್ತರ: ಮೊದಲು ಒಂದು ಲೆಕ್ಕ. ಸ್ಯಾಂಪಲಿಗೆ 2 ಬೈಟ್ ಎಂದರೆ ನಿಮ್ಮ ಬಫರಿನಲ್ಲಿ 2,048 ಸ್ಯಾಂಪಲ್, ಅದು ತುಂಬಲು 102.4 ಮಿಲಿಸೆಕೆಂಡ್. ಒಂದೊಂದೇ ಬೈಟ್ ಎತ್ತಿಡುವ ದಡ್ಡ ಲೂಪ್ ನಿಮ್ಮ ಚಿಪ್ಪಿನ ಕಾರ್ಟೆಕ್ಸ್-ಎಂ4 ಪ್ರೊಸೆಸರಿನಲ್ಲಿ ಬೈಟಿಗೆ ಆರು ಸೈಕಲ್ ತಿಂದರೂ ಒಟ್ಟು 24,576 ಸೈಕಲ್, ಅಂದರೆ ಸುಮಾರು 146 ಮೈಕ್ರೊಸೆಕೆಂಡ್. ಇದ್ದ ಸಮಯದಲ್ಲಿ ಇದು ಶೇ. 0.15ರಷ್ಟೂ ಅಲ್ಲ. ಗೆಳೆಯರ ಫಂಕ್ಷನ್ ಅದನ್ನು 20 ಮೈಕ್ರೊಸೆಕೆಂಡಿನ ಆಸುಪಾಸಿಗೆ ಇಳಿಸಬಹುದು. ವೇಗ ಏಳು ಪಟ್ಟು, ನಿಜ. ಆದರೆ ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತಾಯಿತು.

ಸ್ಯಾಂಪಲ್ ತಪ್ಪಿಸುತ್ತಿರುವುದು ಬಹುಮಟ್ಟಿಗೆ ಎಸ್‌ಡಿ ಕಾರ್ಡು. ಅದು ಒಳಗೊಳಗೇ ಬ್ಲಾಕ್ ಅಳಿಸಿ ಹೊಂದಿಸಿಕೊಳ್ಳುವಾಗ ‘ಬ್ಯುಸಿ’ ಎಂದು ಕೂತುಬಿಡುತ್ತದೆ. ಎಸ್‌ಡಿಎಚ್‌ಸಿ ಕಾರ್ಡಿಗೆ ನಿಯಮವೇ 250 ಮಿಲಿಸೆಕೆಂಡಿನವರೆಗೆ ಹಾಗೆ ಕೂರಲು ಬಿಡುತ್ತದೆ. ಅಷ್ಟರಲ್ಲಿ 10,000 ಬೈಟ್ ಬಂದು ಬೀಳುತ್ತವೆ. ನಿಮ್ಮ ಎರಡು ಬಫರ್ ಅದಕ್ಕೆ ಸಾಲವು. 4,096 ಬೈಟಿನ ನಾಲ್ಕು ಇಡಿ: ಒಂದು ತುಂಬುತ್ತಿರಲಿ, ಮೂರು ಕಾಯಲಿ. ಮೂರರಲ್ಲಿ 12,288 ಬೈಟ್ ಹಿಡಿಯುತ್ತದೆ.

ಈಗ ಕಾಪಿಯನ್ನೇ ತೆಗೆದುಹಾಕಿ. ಈ ಚಿಪ್ಪಿನ ಡಿಎಂಎಗೆ ಡಬಲ್ ಬಫರ್ ಮೋಡ್ ಇದೆ. ಒಂದು ಬಫರ್ ತುಂಬುತ್ತಿರುವಾಗ ಇನ್ನೊಂದರ ವಿಳಾಸವನ್ನು ಬದಲಿಸಬಹುದು. ಇಂಟರಪ್ಟಿನಲ್ಲಿ (ಬಫರ್ ತುಂಬಿದ ಕೂಡಲೇ ತಾನಾಗಿ ಓಡುವ ಕೋಡಿನಲ್ಲಿ) ತುಂಬಿದ ಬಫರಿನ ಪಾಯಿಂಟರನ್ನು ಸರತಿಗೆ ಸೇರಿಸಿ, ಖಾಲಿ ಬಫರಿನ ವಿಳಾಸ ಕೊಟ್ಟು ಹೊರಬನ್ನಿ. ಕಾರ್ಡಿಗೆ ಬರೆಯುವ ಕೆಲಸ ಮೇನ್ ಲೂಪಿನಲ್ಲೇ ಆಗಲಿ, ಇಂಟರಪ್ಟಿನೊಳಗೆ ಬೇಡ. ಬಫರುಗಳನ್ನು ಪ್ರೊಸೆಸರಿಗಷ್ಟೇ ಮೀಸಲಾದ 64 ಕಿಲೋಬೈಟಿನ ಸಿಸಿಎಂ ರ‍್ಯಾಮಿನಲ್ಲಿ ಇಡಲೇಬೇಡಿ. ಡಿಎಂಎಗೆ ಆ ಜಾಗಕ್ಕೆ ದಾರಿಯೇ ಇಲ್ಲ.

ಹೆಡರ್ 6 ಬೈಟ್ ಇರುವುದರಿಂದ ಎರಡು ತೊಂದರೆ. 4,096 ಎಂದರೆ 512ರ ಎಂಟು ಸೆಕ್ಟರ್. ನಡುವೆ 6 ಬೈಟ್ ತೂರಿದರೆ ಅಲ್ಲಿಂದ ಮುಂದೆ ಪ್ರತಿ ಬರಹವೂ ಸೆಕ್ಟರಿನ ಗಡಿ ತಪ್ಪಿ ಬೀಳುತ್ತದೆ. ನೀವು ಫ್ಯಾಟ್‌ಎಫ್‌ಎಸ್ (ಕಾರ್ಡಿನಲ್ಲಿ ಕಡತ ಬರೆಯುವ ಲೈಬ್ರರಿ) ಬಳಸುತ್ತಿದ್ದರೆ ಅದು ನೇರವಾಗಿ ಬರೆಯುವುದು ಬಿಟ್ಟು, ಅಂಚಿನ ತುಣುಕುಗಳನ್ನು ತನ್ನ ಒಳಬಫರಿನ ಮೂಲಕ ಸಾಗಿಸುತ್ತದೆ. ಹೆಡರನ್ನು 512 ಬೈಟಿಗೆ ಹಿಗ್ಗಿಸಿ. ಉಳಿದ ಜಾಗ ಸೊನ್ನೆಯಿರಲಿ, ನಷ್ಟವಿಲ್ಲ.

ಎರಡನೆಯದೇ ನಿಮ್ಮ ಹಾರ್ಡ್‌ಫಾಲ್ಟ್. ಹೆಡರ್ ಇದ್ದಾಗ ಕಾಪಿ ಶುರುವಾಗುವುದು 6ನೇ ಬೈಟಿನಿಂದ, ಅದು 4ರಿಂದ ಭಾಗವಾಗದ ವಿಳಾಸ. ಎಂ4 ಒಂದೇ ವರ್ಡ್ (4 ಬೈಟ್) ಓದುವ, ಬರೆಯುವ ಸೂಚನೆಗಳಲ್ಲಿ ಇಂಥ ವಿಳಾಸವನ್ನು ಸಹಿಸಿಕೊಳ್ಳುತ್ತದೆ. ಹಲವು ರಿಜಿಸ್ಟರುಗಳನ್ನು ಒಟ್ಟಿಗೆ ಎತ್ತುವ ‘ಎಲ್‌ಡಿಎಂ’, ‘ಎಸ್‌ಟಿಎಂ’, ‘ಎಲ್‌ಡಿಆರ್‌ಡಿ’ ಬಗೆಯವುಗಳಲ್ಲಿ ಸಹಿಸುವುದಿಲ್ಲ. ಒಮ್ಮೆಗೆ 32 ಬೈಟ್ ಎನ್ನುವ ಫಂಕ್ಷನ್ ನಿಂತಿರುವುದೇ ಇವುಗಳ ಮೇಲೆ. ಹತ್ತು ಬ್ಲಾಕಿಗೊಮ್ಮೆ ಹೆಡರ್ ಬರುವುದರಿಂದಲೇ ‘ಆಗಾಗ’ ನಿಲ್ಲುವುದು. ಖಚಿತಪಡಿಸಿಕೊಳ್ಳಲು ಫಾಲ್ಟ್ ಆದಾಗ ಡಿಬಗರಿನಲ್ಲಿ ಫಾಲ್ಟಿನ ಕಾರಣ ದಾಖಲಿಸುವ ಸಿಎಫ್‌ಎಸ್‌ಆರ್ ರಿಜಿಸ್ಟರ್ ನೋಡಿ. 24ನೇ ಬಿಟ್ 1 ಆಗಿದ್ದರೆ ಇದೇ ಕಾರಣ. ಇದೇ ಕೋಡನ್ನು ಎಂ0 ಚಿಪ್ಪಿಗೆ ಒಯ್ದರೆ ಒಂದು ವರ್ಡ್ ಓದುವುದಕ್ಕೂ ಫಾಲ್ಟ್ ಬರುತ್ತದೆ.

ಇನ್ನೊಂದು ಮಾತು. ಲೈಬ್ರರಿಯ ಮೆಮ್‌ಕಾಪಿ ನಿಧಾನ ಅನ್ನಿಸಿದ್ದಕ್ಕೂ ಕಾರಣ ಇರಬಹುದು. ಲಿಂಕರಿಗೆ ‘ನ್ಯಾನೊ ಸ್ಪೆಕ್ಸ್’ ಕೊಟ್ಟಿದ್ದರೆ ಬರುವುದು ನ್ಯೂಲಿಬ್ ಎಂಬ ಸಿ ಲೈಬ್ರರಿಯ ಕಿರು ರೂಪ ನ್ಯೂಲಿಬ್-ನ್ಯಾನೊ. ಅದು ಫ್ಲ್ಯಾಶ್ ಉಳಿಸಲೆಂದು ಕಟ್ಟಿದ್ದು, ಅದರ ಮೆಮ್‌ಕಾಪಿ ಬೈಟ್ ಬೈಟಾಗಿ ನಡೆಯುತ್ತದೆ. ಪೂರ್ಣ ನ್ಯೂಲಿಬ್‌ನದು ವರ್ಡ್ ಲೆಕ್ಕದಲ್ಲಿ ನಡೆಯುತ್ತದೆ, ಅಲೈನ್‌ಮೆಂಟನ್ನೂ (ವಿಳಾಸ 4ರಿಂದ ಭಾಗವಾಗುವುದೇ ಎಂಬುದನ್ನೂ) ತಾನೇ ನೋಡಿಕೊಳ್ಳುತ್ತದೆ. ಆ ಒಂದು ಆಯ್ಕೆ ತೆಗೆದು ಬಿಲ್ಡ್ ಮಾಡಿ, ಚಿಪ್ಪಿನೊಳಗಿನ ಡಿಡಬ್ಲ್ಯೂಟಿ ಎಂಬ ಅಳತೆ ಘಟಕದ ಸೈಕಲ್ ಕೌಂಟರಿನಿಂದ ಅಳೆಯಿರಿ. ಕೌಂಟರ್ ಓಡಬೇಕಾದರೆ ಡಿಇಎಂಸಿಆರ್ ರಿಜಿಸ್ಟರಿನ 24ನೇ ಬಿಟ್, ಆಮೇಲೆ ಡಿಡಬ್ಲ್ಯೂಟಿ ಕಂಟ್ರೋಲ್ ರಿಜಿಸ್ಟರಿನ 0ನೇ ಬಿಟ್ ಹಾಕಬೇಕು. ಗೆಳೆಯರ ಫಂಕ್ಷನನ್ನು ವಾಪಸ್ ಕೊಟ್ಟುಬಿಡಿ.

ಪ್ರಶ್ನೆ: ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ. ಮೆಮ್‌ಕಾಪಿ ಎಂಬ ಹೆಸರಿನಲ್ಲೇ ಸ್ವಂತ ಫಂಕ್ಷನ್ ಬರೆದೆ, ಒಳಗೆ ಸಾದಾ ಫಾರ್ ಲೂಪ್ ಅಷ್ಟೇ. ಆಪ್ಟಿಮೈಸೇಶನ್ ಇಲ್ಲದೆ ಸರಿಯಾಗಿ ಓಡುತ್ತದೆ. ಹೆಚ್ಚಿನ ಆಪ್ಟಿಮೈಸೇಶನ್ನಿನ ‘ಓ3’ ಆಯ್ಕೆ ಕೊಟ್ಟರೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಹೆಸರು ಬದಲಿಸಿದರೆ ಓಡುತ್ತದೆ, ವೇಗ ಮಾತ್ರ ಲೈಬ್ರರಿಯಷ್ಟೇ ಬರುತ್ತಿದೆ. ನನ್ನ ಲೂಪ್ ಅಷ್ಟು ಚೆನ್ನಾಗಿದೆಯೇ ಸರ್?
— ಬಾಗಲಕೋಟೆ

ಉತ್ತರ: ಇಲ್ಲ. ನೀವು ಲೈಬ್ರರಿಯನ್ನು ಲೈಬ್ರರಿಯ ಜೊತೆಗೇ ಓಟಕ್ಕೆ ಬಿಟ್ಟಿದ್ದೀರಿ.

‘ಇದರಿಂದ ತೆಗೆದು ಅದರಲ್ಲಿ ಇಡು’ ಎನ್ನುವ ಲೂಪನ್ನು ಕಂಪೈಲರ್ ಗುರುತಿಸಿ, ಅದರ ಜಾಗದಲ್ಲಿ ಮೆಮ್‌ಕಾಪಿಯ ಕರೆಯನ್ನೇ ಕೂರಿಸುತ್ತದೆ. ಜಿಸಿಸಿ ಕಂಪೈಲರ್ ಇದನ್ನು ಮೊದಲೆಲ್ಲ ‘ಓ3’ರಲ್ಲಿ ಮಾಡುತ್ತಿತ್ತು, 10ನೇ ಆವೃತ್ತಿಯಿಂದ ‘ಓ2’ರಲ್ಲೂ ಮಾಡುತ್ತದೆ. ನಿಮ್ಮ ಫಂಕ್ಷನಿನ ಹೆಸರೇ ಮೆಮ್‌ಕಾಪಿ ಆಗಿದ್ದಾಗ ಅದು ತನ್ನನ್ನೇ ತಾನು ಕರೆಯುತ್ತ ಕೂರುತ್ತದೆ. ಆ ಕರೆ ಜಂಪ್ ಆಗಿ ಬದಲಾಗಿದ್ದರೆ ಸ್ಟ್ಯಾಕ್ ಕೂಡ ತುಂಬುವುದಿಲ್ಲ, ಪ್ರೋಗ್ರಾಂ ಸುಮ್ಮನೆ ಸುತ್ತುತ್ತದೆ. ಜಿಸಿಸಿಯ ಆವೃತ್ತಿಯಿಂದ ಆವೃತ್ತಿಗೆ ಈ ವರ್ತನೆ ಬೇರೆ, ಆದ್ದರಿಂದ ಸ್ನೇಹಿತರ ಕಂಪ್ಯೂಟರಿನಲ್ಲಿ ಓಡಿತು ಎಂಬುದು ಸಾಕ್ಷಿಯಲ್ಲ. ಹೆಸರು ಬದಲಿಸಿದಾಗ ಒಳಗಿನ ಕರೆ ನಿಜವಾದ ಲೈಬ್ರರಿಗೆ ಹೋಯಿತು, ವೇಗ ಸಮವಾಯಿತು.

ಆಬ್ಜ್‌ಡಂಪ್ ಉಪಕರಣದಿಂದ ಡಿಸ್‌ಅಸೆಂಬ್ಲಿ (ಯಂತ್ರಸೂಚನೆಗಳ ಪಟ್ಟಿ) ತೆಗೆದು ನೋಡಿ, ನಿಮ್ಮ ಫಂಕ್ಷನಿನೊಳಗೆ ಮೆಮ್‌ಕಾಪಿಯ ಕರೆ ಕಾಣುತ್ತದೆ. ನಿಲ್ಲಿಸಬೇಕಾದರೆ ಆ ಕಡತವೊಂದಕ್ಕೆ ‘ಎಫ್-ನೋ-ಟ್ರೀ-ಲೂಪ್-ಡಿಸ್ಟ್ರಿಬ್ಯೂಟ್-ಪ್ಯಾಟರ್ನ್ಸ್’ ಆಯ್ಕೆ ಕೊಡಿ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಬೇರ್ ಬೋರ್ಡಿಗೆ ಬರೆಯುವಾಗಲೂ ಜಿಸಿಸಿ ಮೆಮ್‌ಕಾಪಿ, ಮೆಮ್‌ಮೂವ್, ಮೆಮ್‌ಸೆಟ್, ಮೆಮ್‌ಕಂಪ್ ನಾಲ್ಕನ್ನೂ ನಿಮ್ಮಿಂದ ನಿರೀಕ್ಷಿಸುತ್ತದೆ, ಅಲ್ಲಿ ಈ ಆಯ್ಕೆ ನೆನಪಿರಲಿ. ವೈವಾದಲ್ಲಿ ಕೇಳಬಹುದಾದ ಇನ್ನೊಂದು: ಅಳತೆ ಮೊದಲೇ ಗೊತ್ತಿರುವ 4 ಅಥವಾ 8 ಬೈಟಿನ ಮೆಮ್‌ಕಾಪಿಗೆ ಆಪ್ಟಿಮೈಸೇಶನ್ ಇದ್ದಾಗ ಸಾಮಾನ್ಯವಾಗಿ ಕರೆಯೇ ಇರುವುದಿಲ್ಲ, ಓದುವ–ಬರೆಯುವ ಒಂದೆರಡು ಸೂಚನೆಯಲ್ಲಿ ಮುಗಿಯುತ್ತದೆ. ‘ಕರೆಯ ಖರ್ಚು ಉಳಿಸಲು’ ಪಾಯಿಂಟರಿನ ಟೈಪ್ ಬದಲಿಸಿ ನೇರ ಓದುವವರು ಉಳಿಸುವುದು ಏನೂ ಇಲ್ಲ; ಒಂದು ಟೈಪಿನ ಡೇಟಾವನ್ನು ಬೇರೆ ಟೈಪಿನ ಪಾಯಿಂಟರಿನಿಂದ ಓದಬಾರದೆನ್ನುವ ಅಲಿಯಾಸಿಂಗ್ ನಿಯಮ ಮುರಿದು ತೊಂದರೆ ಮಾತ್ರ ತಂದುಕೊಳ್ಳುತ್ತಾರೆ.

ಪ್ರಶ್ನೆ: ಒಣದ್ರಾಕ್ಷಿ ಬಣ್ಣ ನೋಡಿ ಬೇರೆ ಮಾಡೋ ಮಷೀನಿಗೆ ಸಾಫ್ಟ್‌ವೇರ್ ಬರೀಲಿಕ್ಕತ್ತೇವಿ. ಲಿನಕ್ಸ್ ಪಿಸಿ, ಕ್ಯಾಮೆರಾ 1920×1080, ಸೆಕೆಂಡಿಗೆ 30 ಫ್ರೇಮ್, ಪಿಕ್ಸೆಲಿಗೆ 3 ಬೈಟ್. ಎವಿಎಕ್ಸ್ (ಒಮ್ಮೆಗೆ ಹಲವು ಬೈಟ್ ಎತ್ತೋ ಪ್ರೊಸೆಸರ್ ಸೂಚನೆ) ಬಳಸಿ, ಕ್ಯಾಶ್ ದಾಟಿ ಬರೆಯೋ ಸೂಚನೆ ಹಾಕಿ ಕಾಪಿ ಫಂಕ್ಷನ್ ಬರದ್ವಿ. ಪರೀಕ್ಷೆಯೊಳಗ ಮೆಮ್‌ಕಾಪಿಗಿಂತ ಎರಡು ಪಟ್ಟು ಜೋರ್ ಅದ. ಮಷೀನಿನೊಳಗ ಹಾಕಿದ್ರ ಒಟ್ಟು ಕೆಲಸ ಮೊದಲಿಗಿಂತ ತಡ ಆಗ್ಲಿಕ್ಕತ್ತದ. ಹಿಂಗ್ಯಾಕ?
— ವಿಜಯಪುರ

ಉತ್ತರ: ಎರಡು ಬೇರೆ ತಪ್ಪುಗಳು ಇಲ್ಲಿ ಸೇರಿಕೊಂಡಿರುವಂತಿದೆ.

ಮೊದಲನೆಯದು ಪರೀಕ್ಷೆಯದು. ಒಂದು ಫ್ರೇಮ್ 62,20,800 ಬೈಟ್, ಅಂದರೆ 4,096 ಬೈಟಿನ 1,519 ಪುಟ. ಮೆಮೊರಿ ಕೇಳುವ ಮ್ಯಾಲಕ್ ಫಂಕ್ಷನ್ ಕೊಟ್ಟ ಇಷ್ಟು ದೊಡ್ಡ ಜಾಗ ಆರಂಭದಲ್ಲಿ ಬರೀ ಭರವಸೆ. ಪ್ರತಿ ಪುಟವನ್ನು ಮೊದಲ ಸಲ ಮುಟ್ಟಿದಾಗಲೇ ಕರ್ನಲ್ ಅದಕ್ಕೆ ನಿಜವಾದ ಮೆಮೊರಿ ಕೊಡುವುದು. ಪರೀಕ್ಷೆಯಲ್ಲಿ ಮೆಮ್‌ಕಾಪಿಯನ್ನು ಮೊದಲು ಓಡಿಸಿ ನಿಮ್ಮದನ್ನು ಆಮೇಲೆ ಓಡಿಸಿದ್ದರೆ ಪುಟಗಳ ಖರ್ಚೆಲ್ಲ ಮೆಮ್‌ಕಾಪಿಯ ತಲೆಗೆ ಬಿದ್ದಿದೆ. ಎರಡೂ ಬಫರನ್ನು ಮೆಮ್‌ಸೆಟ್‌ನಿಂದ ಒಮ್ಮೆ ತುಂಬಿ, ಎರಡು ಫಂಕ್ಷನನ್ನೂ ಸರದಿ ಬದಲಿಸುತ್ತ ಕನಿಷ್ಠ ನೂರು ಸಲ ಓಡಿಸಿ, ಸರಾಸರಿಯ ಬದಲು ನಡುವಿನ ಅಂಕಿ ತೆಗೆದುಕೊಳ್ಳಿ. ಫಲಿತಾಂಶದ ಕೆಲವು ಬೈಟ್ ಓದಿ ಮುದ್ರಿಸಿ, ಇಲ್ಲವಾದರೆ ಕಂಪೈಲರ್ ಕಾಪಿಯನ್ನೇ ಅಳಿಸಿಹಾಕೀತು.

ಎರಡನೆಯದು ಕ್ಯಾಶ್ ದಾಟಿ ಬರೆಯುವುದು. ಆ ಸೂಚನೆ ಡೇಟಾವನ್ನು ನೇರ ರ‍್ಯಾಮಿಗೆ ದೂಡುತ್ತದೆ. ಕಾಪಿ ಮುಗಿದ ಮೇಲೆ ಬಹಳ ಹೊತ್ತು ಅದನ್ನು ಯಾರೂ ಓದದಿದ್ದರೆ ಲಾಭ. ನಿಮ್ಮಲ್ಲಿ ಹಾಗಲ್ಲ, ಬಣ್ಣ ನೋಡುವ ಕೋಡ್ ಮರುಕ್ಷಣವೇ ಅದೇ ಫ್ರೇಮ್ ಕೇಳುತ್ತದೆ, ಎಲ್ಲವನ್ನೂ ರ‍್ಯಾಮಿನಿಂದ ಮತ್ತೆ ತರಬೇಕು. ಕಾಪಿಯಲ್ಲಿ ಉಳಿಸಿದ್ದನ್ನು ಓದುವುದರಲ್ಲಿ ಕಳೆದಿರಿ. ಬೇರೆ ಥ್ರೆಡ್ ಓದುವುದಾದರೆ, ‘ಸಿದ್ಧ’ ಎಂಬ ಗುರುತು ಹಾಕುವ ಮೊದಲು ಹಿಂದಿನ ಬರಹಗಳು ಮುಗಿಯುವವರೆಗೆ ತಡೆಯುವ ‘ಎಸ್‌ಫೆನ್ಸ್’ ಸೂಚನೆ ಕೂಡ ಬೇಕು. ಅದು ತಪ್ಪಿದರೆ ಅರ್ಧ ಹಳೆಯ, ಅರ್ಧ ಹೊಸ ಫ್ರೇಮ್ ಸಿಗಬಹುದು.

ಲಿನಕ್ಸಿನ ಸಿ ಲೈಬ್ರರಿ ಜಿಎಲ್‌ಐಬಿಸಿಯ ಮೆಮ್‌ಕಾಪಿ ಒಂದೇ ಫಂಕ್ಷನ್ ಅಲ್ಲ. ಪ್ರೋಗ್ರಾಂ ಮೆಮೊರಿಗೆ ಬರುವಾಗಲೇ ಪ್ರೊಸೆಸರನ್ನು ನೋಡಿ ಎಸ್‌ಎಸ್‌ಇ2, ಎವಿಎಕ್ಸ್, ಎವಿಎಕ್ಸ್-512 ಬಗೆಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ಐವಿ ಬ್ರಿಡ್ಜ್ ಪೀಳಿಗೆಯಿಂದ ಇಂಟೆಲ್ ವೇಗಗೊಳಿಸಿದ ‘ರೆಪ್ ಮೂವ್‌ಎಸ್‌ಬಿ’ ಸೂಚನೆಯನ್ನು ಯಾವ ಅಳತೆಯಿಂದ ಬಳಸಬೇಕು, ಕ್ಯಾಶ್ ದಾಟುವುದು ಎಲ್ಲಿಂದ ಎನ್ನುವ ಗಡಿಗಳೂ ಅದರಲ್ಲಿವೆ. ನಿಮ್ಮ ಎವಿಎಕ್ಸ್ ಕೋಡ್ ಎವಿಎಕ್ಸ್ ಇಲ್ಲದ ಹಳೆಯ ಪಿಸಿಗೆ ಹೋದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬಿದ್ದುಹೋಗುತ್ತದೆ, ಲೈಬ್ರರಿ ಬೀಳುವುದಿಲ್ಲ.

ನಿಮ್ಮ ಕ್ಯಾಮೆರಾ ಕೊಡುವುದು ಸೆಕೆಂಡಿಗೆ ಸುಮಾರು 187 ಮೆಗಾಬೈಟ್. ಓದು, ಬರಹ, ಬರೆಯುವ ಮೊದಲು ಕ್ಯಾಶಿಗೆ ಎಳೆದುಕೊಳ್ಳುವುದು ಮೂರನ್ನೂ ಸೇರಿಸಿದರೂ 560. ಡಿಡಿಆರ್4-2400 ಮೆಮೊರಿಯ ಒಂದೇ ಚಾನೆಲ್ಲಿನ ಗರಿಷ್ಠ ಸಾಮರ್ಥ್ಯ 19,200. ಅಂದರೆ ಶೇ. 3. ಇದರ ಹಿಂದೆ ಬೀಳುವ ಬದಲು ಬೆಲ್ಟ್ ಕಾಣುವ ಸಾಲುಗಳನ್ನಷ್ಟೇ ಕಾಪಿ ಮಾಡಿ. ಪ್ರತಿ ಸಾಲಿಗೊಂದು ಮೆಮ್‌ಕಾಪಿ, ಮೂಲದ ಪಾಯಿಂಟರ್ ಮುಂದೆ ಸರಿಯಬೇಕಾದದ್ದು ಚಿತ್ರದ ಅಗಲದಷ್ಟಲ್ಲ, ಕ್ಯಾಮೆರಾ ಡ್ರೈವರ್ ಹೇಳುವ ಸ್ಟ್ರೈಡ್‌ನಷ್ಟು (ಒಂದು ಸಾಲಿನ ಆರಂಭದಿಂದ ಮುಂದಿನದರ ಆರಂಭಕ್ಕಿರುವ ಬೈಟುಗಳಷ್ಟು). ಇದು ತಪ್ಪಿದರೆ ಚಿತ್ರ ಓರೆಯಾಗಿ ಹರಿದಂತೆ ಕಾಣುತ್ತದೆ.

ಪ್ರಶ್ನೆ: ಅರೇಯ ಎಲ್ಲ ಅಂಶಗಳನ್ನು ಒಂದು ಮನೆ ಸರಿಸಲು ಮೆಮ್‌ಕಾಪಿ ಬಳಸಿದ್ದೇನೆ. ನನ್ನಲ್ಲಿ ಸರಿ, ಗಿರಾಕಿಯ ಕಂಪ್ಯೂಟರಿನಲ್ಲಿ ತಪ್ಪು ಅಂಕಿ ಬರುತ್ತಿವೆ. ಅವರ ಲೈಬ್ರರಿ ಕೆಟ್ಟಿದೆಯೇ?
— ಜಮಖಂಡಿ

ಉತ್ತರ: ಕೆಟ್ಟಿರುವುದು ನಿಮ್ಮ ಕೋಡ್. ಮೂಲ ಮತ್ತು ಗುರಿ ಒಂದರ ಮೇಲೊಂದು ಬೀಳುವಾಗ ಮೆಮ್‌ಕಾಪಿ ಬಳಸಬಾರದು, ಮೆಮ್‌ಮೂವ್ ಬಳಸಬೇಕು. 2010ರಲ್ಲಿ ಲಿನಕ್ಸಿನ ಫೆಡೋರಾ 14 ಬಂದಾಗ ಜಿಎಲ್‌ಐಬಿಸಿಯ ಹೊಸ ಮೆಮ್‌ಕಾಪಿ ಕೆಲವು ಪ್ರೊಸೆಸರುಗಳಲ್ಲಿ ಕೊನೆಯ ಬೈಟಿನಿಂದ ಮೊದಲ ಬೈಟಿನ ಕಡೆಗೆ ಕಾಪಿ ಮಾಡತೊಡಗಿತು. ಇದೇ ತಪ್ಪು ಮಾಡಿದ್ದ ಫ್ಲ್ಯಾಶ್ ಪ್ಲೇಯರಿನ ಧ್ವನಿ ಕೆಟ್ಟುಹೋಯಿತು, ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಕೂಡ ಆ ಚರ್ಚೆಗೆ ಇಳಿದರು. ಕೊನೆಗೆ ಜಿಎಲ್‌ಐಬಿಸಿಯ 2.14ನೇ ಆವೃತ್ತಿಯಲ್ಲಿ ಮೆಮ್‌ಕಾಪಿಗೆ ಹೊಸ ಆವೃತ್ತಿ ಗುರುತು ಕೊಟ್ಟು, ಹಳೆಯ ಪ್ರೋಗ್ರಾಂಗಳಿಗೆ ಮೆಮ್‌ಮೂವ್ ವರ್ತನೆಯನ್ನೇ ಉಳಿಸಿದರು. ಹೊಸದಾಗಿ ಬಿಲ್ಡ್ ಮಾಡಿದ ನಿಮ್ಮ ಪ್ರೋಗ್ರಾಂಗೆ ಆ ರಿಯಾಯಿತಿ ಇಲ್ಲ.

ಪ್ರಶ್ನೆ: ಆರ್ಡುಯಿನೊ ಉನೊದಲ್ಲಿ ಫ್ಲ್ಯಾಶಿನಲ್ಲಿಟ್ಟ ‘ಪ್ರೋಗ್‌ಮೆಮ್’ ಟೇಬಲ್ಲಿನಿಂದ ಮೆಮ್‌ಕಾಪಿ ಮಾಡಿದರೆ ಕಸ ಬರುತ್ತದೆ.
— ಮುದ್ದೇಬಿಹಾಳ

ಉತ್ತರ: ಆ ಚಿಪ್ಪಿನಲ್ಲಿ ಫ್ಲ್ಯಾಶಿನ ವಿಳಾಸವೇ ಬೇರೆ, ರ‍್ಯಾಮಿನ ವಿಳಾಸವೇ ಬೇರೆ. ಮೆಮ್‌ಕಾಪಿ ಅದೇ ಅಂಕಿಯ ರ‍್ಯಾಮ್ ವಿಳಾಸ ಓದುತ್ತಿದೆ. ಹೆಸರಿನ ಕೊನೆಗೆ ‘_ಪಿ’ ಇರುವ ಮೆಮ್‌ಕಾಪಿ ಅದೇ ಲೈಬ್ರರಿಯಲ್ಲಿದೆ, ಅದನ್ನು ಬಳಸಿ.

ಪ್ರಶ್ನೆ: ನಮ್ಮ ಉತ್ಪನ್ನದ ಹಳೆಯ ಕೋಡಿನಲ್ಲಿ ಯಾರೋ ಬರೆದಿಟ್ಟ ಅಸೆಂಬ್ಲಿ ಕಾಪಿ ಫಂಕ್ಷನ್ ಇದೆ, ಇನ್ನೂರಕ್ಕೂ ಹೆಚ್ಚು ಕಡೆ ಬಳಕೆಯಾಗಿದೆ. ಒಂದೇ ಏಟಿಗೆ ಮೆಮ್‌ಕಾಪಿಗೆ ಬದಲಿಸಬಹುದೇ?
— ಬೆಳಗಾವಿ

ಉತ್ತರ: ಒಂದೇ ಏಟಿಗೆ ಬೇಡ. ಪ್ರತಿ ಕರೆಯಲ್ಲೂ ಮೊದಲು ಗುರಿ ಏನೆಂದು ನೋಡಿ. ಅದು ಡಿಸ್‌ಪ್ಲೇ ಅಥವಾ ಎಫ್‌ಪಿಜಿಎ ಚಿಪ್ಪಿನ ರಿಜಿಸ್ಟರ್ ಆಗಿದ್ದರೆ ಮುಟ್ಟಬೇಡಿ. ಒಮ್ಮೆಗೆ ಎಷ್ಟು ಬೈಟ್, ಯಾವ ಕ್ರಮದಲ್ಲಿ ಬರೆಯುತ್ತೇನೆ ಎಂಬ ಮಾತನ್ನು ಮೆಮ್‌ಕಾಪಿ ಕೊಡುವುದೇ ಇಲ್ಲ. ರಿಜಿಸ್ಟರಿಗೆ 16 ಬಿಟ್ಟಿನ ಬರಹವೇ ಬೇಕಿದ್ದರೆ ಅದು ಬೈಟಾಗಿ ಹೋದೀತು. ಒಂದೇ ವಿಳಾಸಕ್ಕೆ ಮತ್ತೆ ಮತ್ತೆ ಬರೆಯುವ ಫಿಫೊ ಆಗಿದ್ದರಂತೂ ಮೆಮ್‌ಕಾಪಿ ವಿಳಾಸ ಏರಿಸುತ್ತ ಪಕ್ಕದ ರಿಜಿಸ್ಟರುಗಳನ್ನೆಲ್ಲ ಕೆಡಿಸುತ್ತದೆ. 1983ರಲ್ಲಿ ಟಾಮ್ ಡಫ್ ಬರೆದ, ಸ್ವಿಚ್ಚಿನೊಳಗೆ ಲೂಪ್ ಹೆಣೆದ ಹೆಸರಾಂತ ಕೋಡ್ ಕೂಡ ಇಂಥ ಒಂದೇ ರಿಜಿಸ್ಟರಿಗೆ ಬರೆಯಲೆಂದೇ ಹುಟ್ಟಿದ್ದು. ಇಂಥ ಕಡೆ, ಪ್ರತಿ ಬರಹವನ್ನೂ ಕಂಪೈಲರ್ ಉಳಿಸಿಕೊಳ್ಳುವಂತೆ ಮಾಡುವ ‘ವೊಲಟೈಲ್’ ಪಾಯಿಂಟರಿನ ಸಾದಾ ಲೂಪ್ ಸಾಕು.

ಆಮೇಲೆ ಮೂಲವೂ ಗುರಿಯೂ ಒಂದೇ ಬಫರಿನಲ್ಲಿರುವ ಕರೆಗಳು. ಹಳೆಯ ಫಂಕ್ಷನ್ ಮೊದಲ ಬೈಟಿನಿಂದ ಕೊನೆಯ ಬೈಟಿನ ಕಡೆಗೆ ನಡೆಯುತ್ತಿದ್ದುದರಿಂದ ಯಾರಿಗೂ ಗೊತ್ತಾಗದೆ ಸರಿಯಾಗಿದ್ದಿರಬಹುದು. ಇವನ್ನು ಮೆಮ್‌ಮೂವ್ ಮಾಡಿ. ಉದ್ದ 0 ಇದ್ದಾಗ ನಲ್ ಪಾಯಿಂಟರ್ ಬರುವ ಕರೆಗಳಿಗೆ ಮುಂಚೆಯೇ ಒಂದು ಇಫ್ ಹಾಕಿ; ಅಸೆಂಬ್ಲಿಗೆ ಅದು ನಡೆಯುತ್ತಿತ್ತು, ಸಿ11, ಸಿ17 ನಿಯಮದಲ್ಲಿ ಮೆಮ್‌ಕಾಪಿಗೆ ನಡೆಯುವುದಿಲ್ಲ.

ಉಳಿದವನ್ನು ಇಪ್ಪತ್ತಿಪ್ಪತ್ತರಂತೆ ಬದಲಿಸುತ್ತ, ಪ್ರತಿ ಸಲ ‘ಅಡ್ರೆಸ್ ಸ್ಯಾನಿಟೈಸರ್’ ಹಾಕಿ ಪರೀಕ್ಷೆ ಓಡಿಸಿ. ಈ ಬದಲಾವಣೆಯ ದೊಡ್ಡ ಲಾಭ ಇರುವುದು ವೇಗದಲ್ಲಲ್ಲ, ಇಲ್ಲಿ. ಬಫರಿನ ಆಚೆ ಬರೆದರೆ ಸ್ಯಾನಿಟೈಸರ್ ಲೈಬ್ರರಿಯ ಮೆಮ್‌ಕಾಪಿಯಲ್ಲಿ ಹಿಡಿಯುತ್ತದೆ; ಅಸೆಂಬ್ಲಿಯೊಳಗೆ ಅದಕ್ಕೆ ಕಣ್ಣಿಲ್ಲ. ‘ಫೋರ್ಟಿಫೈ ಸೋರ್ಸ್’ ಕಾವಲೂ ಲೈಬ್ರರಿಯ ಹೆಸರುಗಳಿಗೇ ಸಿಗುವುದು, ಅದೂ ಆಪ್ಟಿಮೈಸೇಶನ್ ಹಾಕಿ, ಗುರಿಯ ಅಳತೆ ಕಂಪೈಲರಿಗೆ ಗೊತ್ತಾದಾಗ. ಉದ್ದದ ಅಂಕಿ ಹೊರಗಿನ ಪ್ಯಾಕೆಟ್ಟಿನಿಂದ ಬರುವ ಕರೆಗಳನ್ನು ಮಾತ್ರ ಯಂತ್ರಕ್ಕೆ ಬಿಡದೆ ಕಣ್ಣಾರೆ ಓದಿ. 2014ರಲ್ಲಿ ಬಯಲಾದ ಓಪನ್‌ಎಸ್‌ಎಸ್‌ಎಲ್ ಎನ್‌ಕ್ರಿಪ್ಶನ್ ಲೈಬ್ರರಿಯ ‘ಹಾರ್ಟ್‌ಬ್ಲೀಡ್’ ದೋಷದಲ್ಲಿ ಇದ್ದದ್ದು ಸಾದಾ ಮೆಮ್‌ಕಾಪಿಯೇ. ಆಚೆಯವರು ಹೇಳಿದ ಉದ್ದವನ್ನು ಬಂದ ಪ್ಯಾಕೆಟ್ಟಿನ ಅಳತೆಯೊಂದಿಗೆ ತಾಳೆ ನೋಡದ ಕಾರಣ ಒಂದು ಸಲಕ್ಕೆ 64 ಕಿಲೋಬೈಟಿನಷ್ಟು ಪಕ್ಕದ ಮೆಮೊರಿ ಹೊರಗೆ ಹೋಗುತ್ತಿತ್ತು.