ಅಣ್ಣನಿಗೆ ಯಾಕೆ ಕರೆ ಬರಲಿಲ್ಲ?

ಲಂಡನ್‌ನ ಈಸ್ಟ್ ಎಂಡ್ ಭಾಗದ ವೈಟ್‌ಚಾಪೆಲ್‌ನ ಯಹೂದಿ ಟೈಲರ್ ಕುಟುಂಬದಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದ 1916ರಲ್ಲಿ ತಮ್ಮನಿಗೆ ಮಾತ್ರ ಸೇನೆಯ ಕರೆ ಬಂತು, ಅಣ್ಣನಿಗೆ ಯಾಕೆ ಬರಲಿಲ್ಲ ಅಂತ ಕೇಳಿದ್ದೀರಿ. ಹುಟ್ಟಿದ ಊರು ನೋಡಿ. ಲಂಡನ್‌ನಲ್ಲಿ ಹುಟ್ಟಿದ ತಮ್ಮ ಬ್ರಿಟಿಷ್ ಪ್ರಜೆ, ಹಾಗಾಗಿ ಕಡ್ಡಾಯ ಸೇನಾ ಕಾನೂನಿಗೆ ಸಿಕ್ಕಿಬಿದ್ದ. ರಷ್ಯಾದಲ್ಲಿ ಹುಟ್ಟಿ, ಬ್ರಿಟನ್ನಿನ ಪೌರತ್ವ ಪಡೆಯದ ಅಣ್ಣ ವಿದೇಶಿ, ಆ ಕಾನೂನು ಅವನಿಗಿರಲಿಲ್ಲ.

ತಮ್ಮನಿಗೆ ಉಳಿದ ದಾರಿ ಸೇನೆಯಿಂದ ವಿನಾಯಿತಿ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವ ಸ್ಥಳೀಯ ಟ್ರಿಬ್ಯೂನಲ್‌ಗೆ ಅರ್ಜಿ ಹಾಕುವುದು. ಮನೆ ನಡೆಸುವವನು ನಾನೊಬ್ಬನೇ, ಹೊಲಿಯುತ್ತಿರುವುದು ಸೈನಿಕರ ಸಮವಸ್ತ್ರವನ್ನೇ, ಆರೋಗ್ಯ ಸರಿಯಿಲ್ಲ, ಇಂಥ ಕಾರಣಗಳು. ಒಪ್ಪಿದರೂ ಎಷ್ಟೋ ಸಲ ಸಿಗುತ್ತಿದ್ದದ್ದು ಕೆಲವೇ ತಿಂಗಳ ವಿನಾಯಿತಿ. ಅವಧಿ ಮುಗಿದರೆ ಮತ್ತೆ ಅಲೆದಾಟ. ಅಷ್ಟರಲ್ಲಿ ಅಂಗಡಿ ನಡೆಯಬೇಕಲ್ವಾ?

ಅಣ್ಣನ ನೆಮ್ಮದಿಯೂ ಜಾಸ್ತಿ ದಿನ ಇರಲಿಲ್ಲ. ಸೇನೆ ಸೇರದಿದ್ದರೆ ರಷ್ಯಾಕ್ಕೆ ಕಳಿಸುತ್ತೇವೆ ಅಂತ 1916ರಲ್ಲೇ ಗೃಹಮಂತ್ರಿ ಹರ್ಬರ್ಟ್ ಸ್ಯಾಮುಯೆಲ್ ಹೆದರಿಸಿದ್ದರು. ಅವರೂ ಯಹೂದಿಯೇ! 1917ರಲ್ಲಿ ಬ್ರಿಟನ್ ಮತ್ತು ರಷ್ಯಾ ನಡುವೆ ಒಪ್ಪಂದವಾಯಿತು: ಒಂದೋ ಬ್ರಿಟಿಷ್ ಸೇನೆ, ಇಲ್ಲಾ ರಷ್ಯಾ. ರಷ್ಯಾದ ದೊರೆ ಝಾರ್‌ನ ಆಡಳಿತದ ಕಾಟ ತಾಳಲಾರದೆ ಓಡಿಬಂದವರಿಗೆ ಇದೆಂಥ ಆಯ್ಕೆ! ಆದರೂ ಸಾವಿರಾರು ಗಂಡಸರು ಹಡಗು ಹತ್ತಿದರು. ಹೆಂಡತಿ ಮಕ್ಕಳು ಈಸ್ಟ್ ಎಂಡ್‌ನಲ್ಲೇ ಉಳಿದರು. ಯುದ್ಧ ಮುಗಿದ ಮೇಲೆ ಹಲವರಿಗೆ ವಾಪಸ್ ಬರಲು ಅನುಮತಿಯೇ ಸಿಗಲಿಲ್ಲ.

ಅರ್ಜಿಯ ಕಾಗದ ಹುಡುಕುವಿರಾದರೆ, ಟ್ರಿಬ್ಯೂನಲ್ ಕಡತಗಳಲ್ಲಿ ಹೆಚ್ಚಿನವನ್ನು ಯುದ್ಧದ ನಂತರ ಸರ್ಕಾರವೇ ನಾಶ ಮಾಡಿಸಿತು. ಲಂಡನ್ ಪಕ್ಕದ ಮಿಡಲ್‌ಸೆಕ್ಸ್ ಕೌಂಟಿಯ ಕಡತಗಳು ಲಂಡನ್‌ನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಆದರೆ ವೈಟ್‌ಚಾಪೆಲ್ ಆ ವ್ಯಾಪ್ತಿಗೆ ಬರುವುದಿಲ್ಲ. ಮೊದಲು ಆ ಕಾಲದ ಸ್ಥಳೀಯ ಪತ್ರಿಕೆಗಳನ್ನು ನೋಡಿ, ವಿಚಾರಣೆಯ ವರದಿಗಳು ಸಿಗುವುದು ಅಲ್ಲೇ.